ಹದಿಮೂರು ಅಂಕೆ ಮೀರಿದರೆ

ಗಂಡ ಪೂವಯ್ಯನ ಹನ್ನೊಂದನೆಯ ದಿನದ ಕರ್ಮ ಮುಗಿದು ನೆಂಟರೆಲ್ಲ ಹೋದ ಮರುದಿನ ಬೆಳಿಗ್ಗೆ, ಯಮುನ ಕಾಫಿ ಕುಡಿದು ಅವನ ಲೆಕ್ಕದ ಯಂತ್ರದ ಮುಂದೆ ಕೂತಳು. ಸರ್ವೆ ಕ್ಯಾಂಪಿನಿಂದ ಅವನು ಎರವಲು ತಂದಿದ್ದ ಯಂತ್ರ. ಹಾರಂಗಿ ಹೊಳೆಯ ಅಳತೆಯ ಲೆಕ್ಕ ಅರ್ಧವಾಗಿದ್ದಾಗ ಜ್ವರ ಬಂದು ಹೋಗಿಬಿಟ್ಟಿದ್ದ. "ಮಧ್ಯಾಹ್ನದೊಳಗೆ ಯಂತ್ರವನ್ನೂ ಉಳಿದ ಲೆಕ್ಕವನ್ನೂ ತಂದರೆ ಅವರ ಜಾಗಕ್ಕೆ ನಿಮ್ಮನ್ನೇ ನೋಡಬಹುದು" ಎಂದು ಎಂಜಿನಿಯರು ಚೀಟಿ ಕಳಿಸಿದ್ದರು. ಅವಳು ಗಣಿತದಲ್ಲಿ ಬಿ.ಎಸ್ಸಿ. ಆ ಕೆಲಸ ಸಿಗದಿದ್ದರೆ ಗಂಡನ ದೊಡ್ಡಪ್ಪ ಕೂಸಪ್ಪನಿಗೆ ಅಡುಗೆ ಮಾಡಿಕೊಂಡು ಬಿದ್ದಿರಬೇಕು.

ಯಂತ್ರದ ಮುಚ್ಚಳದ ಮೇಲೆ ಸೂಚನೆ ಅಚ್ಚಾಗಿತ್ತು: ಸಮತಟ್ಟಾದ ಮೇಜು, ಧೂಳಿಲ್ಲದ ಕೋಣೆ, ಒಣಹವೆ. ಮಳೆ ಸುರಿಯುವ ಕಕ್ಕಡ ತಿಂಗಳಲ್ಲಿ ಒಣಹವೆ! ಜಿಡ್ಡು ಕಟ್ಟಿ, ತಿರುಗಿಸುವ ಹಿಡಿಕೆ ಮುನಿದ ಎಮ್ಮೆಯ ಹಾಗೆ ಸುತ್ತಿಗೊಮ್ಮೆ ನಿಲ್ಲುತ್ತಿತ್ತು. ಉತ್ತರದ ಅಂಕೆಗಳಿಗೆ ಹದಿಮೂರೇ ಕಿಂಡಿ. ಅದಕ್ಕಿಂತ ಉದ್ದದ ಉತ್ತರ ಬಂದರೆ ಗಂಟೆ ಹೊಡೆಯುತ್ತದೆ. ಟಣ್ ಎಂದು ಹೊಡೆಯಿತು.

"ಯಾರೇ ಗಂಟೆ ಹೊಡ್ದದ್ದು?" ಬೇಲಿಯಾಚೆಯಿಂದ ಪೊನ್ನಮ್ಮ ಕೂಗಿದಳು.

"ಯಂತ್ರ, ಪೊನ್ನಕ್ಕ. ಲೆಕ್ಕ ಹಿಡಿಸ್ಲಿಲ್ಲ."

ಪೊನ್ನಮ್ಮ ಓಡಿಹೋಗಿ ಕೂಸಪ್ಪನನ್ನೇ ಕರೆತಂದಳು. ಅವನು ಹೊಸಿಲು ದಾಟುವುದಕ್ಕೂ ಮತ್ತೆ ಟಣ್ ಎನ್ನುವುದಕ್ಕೂ ಸರಿಹೋಯಿತು.

"ಕೇಳ್ದಿಯಾ! ಗಂಟೆ ಹೊಡೀತಿರೋದು ಪೂವಯ್ಯನೇ! ಎಡೆ ಇಡುವಾಗ ಸಾರಾಯಿ ಕಮ್ಮಿ ಆತ್" ಎಂದ ಕೂಸಪ್ಪ.

"ಕಮ್ಮಿ ಆದದ್ದು ನೀವು ಬಾಟ್ಲಿಗೆ ಬಾಯಿಟ್ಟದ್ದಕ್ಕೆ ಮಾವ. ಸಂಖ್ಯೆ ದೊಡ್ಡದು, ಎರಡು ತುಂಡು ಮಾಡಿ ತಿರುಗಿಸ್ಬೇಕು. ದಾರಿ ಬಿಡಿ."

ಅವಳು ಒಳಗಿನಿಂದ ಪೆನ್ಸಿಲು ತರುವಷ್ಟರಲ್ಲಿ ಕೂಸಪ್ಪ ಸೊಂಟದ ಸಾರಾಯಿ ಬಾಟ್ಲಿಯನ್ನು ಯಂತ್ರದ ಕಿಂಡಿಗಳಿಗೆ ಬಗ್ಗಿಸಿ, "ಕುಡಿ ಮಗನೇ" ಅನ್ನುತ್ತಿದ್ದ. ಪೊನ್ನಮ್ಮ ಕೈಮುಗಿದು ನಿಂತಿದ್ದಳು.

ಯಮುನ ಕಿರುಚಿದ ರಭಸಕ್ಕೆ ಕೋಳಿಗಳು ಅಟ್ಟ ಹತ್ತಿದವು.

"ಹನ್ನೊಂದು ದಿನದಲ್ಲಿ ಒಂದು ಹನಿ ಕಣ್ಣೀರು ಹಾಕ್ದವಳಲ್ಲ, ಈಗ ಡಬ್ಬಿಗೆ ಅಳ್ತಾಳೆ" ಎಂದಳು ಪೊನ್ನಮ್ಮ.

ಯಮುನ ಯಂತ್ರವನ್ನು ಮತ್ತೆ ಮುಟ್ಟಲಿಲ್ಲ. ಹಲ್ಲು ಕಚ್ಚಿ ಉಳಿದ ಲೆಕ್ಕವನ್ನೆಲ್ಲ ಪೆನ್ಸಿಲಿನಲ್ಲೇ ಮುಗಿಸಿದಳು. ಯಂತ್ರ ಕೂಸಪ್ಪನ ತಲೆಯೇರಿ ಕ್ಯಾಂಪಿಗೆ ಹೊರಟಿತು.

ಎಂಜಿನಿಯರು ಹಿಡಿಕೆ ತಿರುಗಿಸಿದರು. ಹೊಸ ಸೈಕಲ್ಲಿನ ಚಕ್ರದ ಹಾಗೆ ಸರ್ರನೆ ತಿರುಗಿತು!

"ಇದರ ಜಿಡ್ಡು ಬಿಡಿಸಿದ್ದು ಯಾರು? ಮೆಕ್ಯಾನಿಕ್ಕೇ ಕೈಚೆಲ್ಲಿದ್ದ!"

"ನಾನು ಸಾರ್" ಎಂದ ಕೂಸಪ್ಪ.

"ಏನು ಹಾಕಿದ್ರಿ?"

ಪಾನನಿರೋಧದ ಕಾಲ. ಕೂಸಪ್ಪ ಮಾಡಿನ ಕಡೆ ನೋಡಿದ. "ಮನೆಮದ್ದು ಸಾರ್."

ಯಮುನ ಬಾಯಿ ತೆರೆದಳು. ಆ ಮದ್ದನ್ನು ಅವನು ಭಟ್ಟಿ ಇಳಿಸಿದ್ದು ಅವಳ ಹಿತ್ತಲಿನಲ್ಲೇ. ಬಾಯಿ ಮುಚ್ಚಿದಳು.

ಎಂಜಿನಿಯರು ಹಾಳೆಗಳನ್ನು ತಿರುವಿದರು. "ಲೆಕ್ಕ ಒಂದೂ ತಪ್ಪಿಲ್ಲಮ್ಮ. ಆದ್ರೆ ಲೆಕ್ಕ ಮಾಡೋರು ಮೂವರಿದ್ದಾರೆ, ಅವರ ಮೂರು ಯಂತ್ರವೂ ಜಿಡ್ಡು ಹಿಡ್ಕೊಂಡು ಕೂತಿವೆ. ಇರೋದು ಒಂದೇ ಜಾಗ. ಯಂತ್ರ ಬಿಡಿಸೋಕೆ ಇವರನ್ನು ತಗೊಳ್ತೇನೆ. ನಿಮ್ಮ ಮನೆಯವರೇ ಅಲ್ವಾ?"

"ಹೆದರ್ಬೇಡ ಯಮುನಾ" ಎಂದ ಕೂಸಪ್ಪ. "ನನ್ನ ಬುತ್ತಿ ನೀನೇ ಕಟ್ಟು."

ಎಂಜಿನಿಯರು ಎರವಲಿನ ಪುಸ್ತಕ ಮುಂದೆ ಸರಿಸಿದರು. ಪೂವಯ್ಯನ ಹೆಸರಿನ ಎದುರು ಒಂದು ಕಲಂ ಖಾಲಿಯಿತ್ತು: ಹಿಂತಿರುಗಿಸುವಾಗಿನ ಸ್ಥಿತಿ.

ಯಮುನ ಕೆಳಗಿನ ಮೂರು ಹಾಳೆಗೂ ಅಚ್ಚು ಬೀಳುವಂತೆ ಒತ್ತಿ ಬರೆದಳು: "ಕೊಂಡೊಯ್ದಾಗ ಇದ್ದುದಕ್ಕಿಂತ ಚೆನ್ನಾಗಿದೆ." ಆಮೇಲೆ ಯಂತ್ರವನ್ನು ಮೇಜಿನ ಆಚೆಗೆ ತಳ್ಳಿದಳು.