ಎಂಟು ಕುರ್ಚಿ, ಒಂದು ಬದನೆಕಾಯಿ

ನನಗೆ ಬದನೆಕಾಯಿ ಸೇರುವುದಿಲ್ಲ. ಇಷ್ಟು ಚಿಕ್ಕ ವಾಕ್ಯವನ್ನು ಬಾಯಿಬಿಟ್ಟು ಹೇಳಲು ನನಗೆ ಇಪ್ಪತ್ತೈದು ವರ್ಷ ಹಿಡಿಯಿತು. ಹೇಳಿದ್ದಾದರೂ ಹೆಂಡತಿಗಲ್ಲ, ಮುಖ ನೋಡದ, ಹೆಸರು ಗೊತ್ತಿಲ್ಲದ ಒಬ್ಬ ಹುಡುಗಿಗೆ, ಫೋನಿನಲ್ಲಿ. ಅಲ್ಲಿಂದಲೇ ನನ್ನ ಗ್ರಹಚಾರ ಶುರುವಾಯಿತು.

ನೀವು ಬೇರೆ ಊರಿನವರಾದರೆ "ಸೇರದಿದ್ದರೆ ಬಿಡಪ್ಪ, ಅದಕ್ಕೇನು?" ಎಂದೀರಿ. ಆದರೆ ನಾನು ವಿಜಯಪುರದ ದಾನಪ್ಪ. ನಮ್ಮ ಕಡೆ ಗಂಡಸು ಇಸ್ಪೀಟಾಡಿದರೆ ಕ್ಷಮಿಸುತ್ತಾರೆ, ಕುಡಿದು ಬಂದರೂ ಕ್ಷಮಿಸುತ್ತಾರೆ, ಮಸಾಲೆ ತುಂಬಿದ ಬದನೆಕಾಯಿಯ ಎಣ್ಣೆಗಾಯಿ ಬೇಡವೆಂದರೆ ಮಾತ್ರ ಇವನು ಯಾವ ಮನೆತನದವನು ಎಂದು ವಿಚಾರಿಸುತ್ತಾರೆ. ಮೇಲಾಗಿ ನನ್ನ ಹೆಂಡತಿ ಮಹಾದೇವಿಯ ಎಣ್ಣೆಗಾಯಿ ನಾವೀಗ ಇರುವ ಮುಂಬಯಿಯ ಕಾಂದಿವಲಿಯಿಂದ ಬೊರಿವಲಿಯವರೆಗೆ ಪ್ರಖ್ಯಾತ. ನಮ್ಮ ಕನ್ನಡ ಸಂಘದಲ್ಲಿ ಯಾವ ಕಾರ್ಯಕ್ರಮವಿದ್ದರೂ ಭಾಷಣಕ್ಕೆ ಯಾರು ಬರುತ್ತಾರೆ ಎಂದು ಯಾರೂ ಕೇಳುವುದಿಲ್ಲ. ಮಹಾದೇವಕ್ಕ ಎಣ್ಣೆಗಾಯಿ ತರುತ್ತಾರೋ ಇಲ್ಲವೋ ಎಂದು ಕೇಳುತ್ತಾರೆ. (ಒಂದು ವರ್ಷ ಭಾಷಣಕ್ಕೆ ಬಂದವರೇ ಕೇಳಿದ್ದರು.) ಇಂಥ ಕಲಾವಿದೆಯ ಗಂಡನಾದ ನಾನು, ಎಣ್ಣೆಯಲ್ಲಿ ಮುಳುಗಿ ತೊಟ್ಟು ಮೇಲೆತ್ತಿಕೊಂಡು ನನ್ನನ್ನೇ ದಿಟ್ಟಿಸುವ ಆ ಮೆತ್ತನೆಯ ವಸ್ತುವನ್ನು ವಾರಕ್ಕೆ ಮೂರು ಸಲ ಮೊಸರಿನಲ್ಲಿ ಅದ್ದಿ, ಕಣ್ಣು ಮುಚ್ಚಿ ನುಂಗುತ್ತಿದ್ದೆ. ಕಣ್ಣು ಮುಚ್ಚುವುದು ರುಚಿಗೆ ಎಂದು ಅವಳು ತಿಳಿದಿದ್ದಳು.

ಹೀಗಿರುವಾಗ ನಮ್ಮ ಮದುವೆಯ ಬೆಳ್ಳಿಹಬ್ಬ ಬಂತು. ಮಗಳು ರಾಧಿಕಾ ಉಡುಗೊರೆಯ ಸುದ್ದಿ ತಂದಳು. ಅವಳು ಹುಟ್ಟಿ ಬೆಳೆದದ್ದು ಕಾಂದಿವಲಿಯಲ್ಲೇ ಆದ್ದರಿಂದ ಅವಳ ಕನ್ನಡ ಲೋಕಲ್ ಟ್ರೇನಿನಂತೆ. ಎಲ್ಲ ಭಾಷೆಯವರೂ ಹತ್ತಿ ಇಳಿಯುತ್ತಾರೆ.

"ಅಪ್ಪಾ, ಗೋರೆಗಾಂವ್‌ನಲ್ಲಿ ಒಂದು ನ್ಯೂ ರೆಸ್ಟೋರೆಂಟ್ ಇದೆ. ಓನ್ಲಿ ಎಂಟು ಸೀಟ್. ಶೆಫ್ ನಿಮ್ಮ ಸಾಮ್ನೇನೇ ನಿಂತು ಮಾಡ್ತಾನೆ. ಒಂಬತ್ತು ಕೋರ್ಸ್. ಮೆನು-ವೆನು ಕುಛ್ ನಹೀ. ಅವನು ಏನು ಕೊಡ್ತಾನೋ ಅದೇ ತಿನ್ನೋದು."

"ಅದರಾಗ ಹೊಸಾದೇನದ? ನಮ್ಮ ಮನ್ಯಾಗೂ ಹಂಗ ಅದ," ಎಂದೆ.

"ಏನಂದ್ರಿ?" ಅಡುಗೆಮನೆಯಿಂದ ಮಹಾದೇವಿಯ ದನಿ.

"ಮಗಳಿಗೆ ಭಾಳ ಸಂತೋಷ ಆತು ಅಂದ್ನಿ."

ಮರುದಿನ ಆಫೀಸಿನಲ್ಲಿ ಡಬ್ಬಿ ಬಿಚ್ಚಿ ಕುಳಿತಿದ್ದಾಗ ಆ ರೆಸ್ಟೋರೆಂಟಿನಿಂದ ಫೋನು. ಜೇನಿನಂಥ ದನಿಯ ಹುಡುಗಿ ಹಿಂದಿಯಲ್ಲಿ ಕೇಳಿದಳು: ಸರ್‌ಗೆ ಯಾವ ಪದಾರ್ಥದ್ದಾದರೂ ಅಲರ್ಜಿ ಇದೆಯೇ? ನನ್ನ ನಾಲಗೆಯ ಸುಖದುಃಖವನ್ನು ಅಷ್ಟು ಮೃದುವಾಗಿ ಅದುವರೆಗೆ ಯಾರೂ ವಿಚಾರಿಸಿರಲಿಲ್ಲ. ಬದನೆಕಾಯಿಯ ಹೆಸರು ಹಿಂದಿಯಲ್ಲೇ ನಾಲಗೆಗೆ ಬಂತು. "ಬೈಂಗನ್," ಎಂದೆ.

"ಸ್ವಲ್ಪವೋ ಸರ್, ತುಂಬಾನೋ?"

ಡಬ್ಬಿಯಲ್ಲಿ ಎರಡು ಎಣ್ಣೆಗಾಯಿ ತೊಟ್ಟೆತ್ತಿ ನನ್ನನ್ನೇ ನೋಡುತ್ತಿದ್ದವು. "ಜೀವಕ್ಕೇ ಅಪಾಯ," ಎಂದುಬಿಟ್ಟೆ.

ನಿಗದಿಯಾದ ಸಂಜೆ ಮಹಾದೇವಿ ಇಳಕಲ್ ಸೀರೆ ಉಟ್ಟು, ತಾನು ಎರಡು ರೊಟ್ಟಿ ತಿಂದು ನನಗೂ ಎರಡು ತಿನ್ನಿಸಿಯೇ ಹೊರಟಳು. "ಎಂಟ ಮಂದಿಗೆ ಅಡಗಿ ಮಾಡಾಂವ. ಸಾಲದ ಬಿದ್ರ?" ಎನ್ನುವುದು ಅವಳ ಮುಂದಾಲೋಚನೆ.

ಗೋರೆಗಾಂವ್ ಪೂರ್ವದ ಹಳೆಯ ಕಾರ್ಖಾನೆಯೊಂದರ ಮಹಡಿಯ ಮೇಲೆ ಆ ರೆಸ್ಟೋರೆಂಟು. ಒಳಗೆ ಒಂದೇ ಒಂದು ಉದ್ದನೆಯ ಕಟ್ಟೆ, ಅದರ ಈಚೆ ಎಂಟು ಎತ್ತರದ ಕುರ್ಚಿ, ಆಚೆ ಒಲೆ ಮತ್ತು ರೋಶನ್ ಎಂಬ ಗಡ್ಡದ ಶೆಫ್. ಮಹಾದೇವಿ ಇಳಕಲ್ ಸೀರೆಯಲ್ಲಿ ಆ ಕುರ್ಚಿ ಏರಿದ್ದು ಒಂದು ಪರ್ವತಾರೋಹಣ. ಹಿಂದಿನಿಂದ ನಾನು, ಮುಂದಿನಿಂದ ಶೆಫ್ ಸೇರಿ ಅವಳನ್ನು ಶಿಖರ ಮುಟ್ಟಿಸಿದೆವು. ನನ್ನ ಎಡಕ್ಕೆ ಮಂಗಳೂರಿನ ಡಾಕ್ಟರ್ ವಿನೋದಿನಿ ಎಂಬವರು ಕುಳಿತಿದ್ದರು. ಕನ್ನಡ ಕಿವಿಗೆ ಬಿದ್ದೊಡನೆ, "ಓ, ನೀವು ನಮ್ಮವರೇ ಅಲ್ವಾ!" ಎಂದರು. ಉಳಿದ ಐವರು ಎಳೆಯ ಪ್ರಾಯದವರು, ಎಲೆ ಬಿದ್ದರೂ "ವಾವ್" ಎನ್ನುವ ಪೈಕಿ.

ಮೊದಲ ಕೋರ್ಸು ಬಂತು. ಹರಿವಾಣದಷ್ಟು ದೊಡ್ಡ ತಟ್ಟೆ, ನಡುವೆ ಗುಲಗಂಜಿಯಷ್ಟು ಏನೋ ಒಂದು. ರೋಶನ್ ಅದರ ಕತೆ ಹೇಳಿದ. ಅವನ ಅಜ್ಜಿ, ಅಜ್ಜಿಯ ಹಿತ್ತಲು, ಹಿತ್ತಲಿನ ನಿಂಬೆಗಿಡ. ಕತೆ ಅಜ್ಜಿಯ ಮದುವೆಗೆ ಬರುವಷ್ಟರಲ್ಲಿ ನನ್ನದು ತಿಂದು ಮುಗಿದಿತ್ತು. ಮಹಾದೇವಿ ಮೆಲ್ಲಗೆ, "ಅದಕ್ಕ ರೊಟ್ಟಿ ತಿನ್ರಿ ಅಂದಿದ್ದು," ಎಂದಳು. ಎರಡನೆಯದು ಒಂದು ಚಮಚ ಸಾರು. ಅದನ್ನು ಚಮಚದಲ್ಲೇ ತಂದುಕೊಟ್ಟರು.

ಮೂರನೆಯದಕ್ಕೆ ಮೊದಲು ರೋಶನ್ ಎರಡೂ ಕೈ ಕಟ್ಟೆಯ ಮೇಲೆ ಊರಿ, ಗಂಭೀರನಾಗಿ ಹಿಂದಿಯಲ್ಲಿ ಹೇಳಿದ: "ಮುಂದಿನದು ಕೆಂಡದಲ್ಲಿ ಸುಟ್ಟ ಬೈಂಗನ್. ಆದರೆ ದಾನಪ್ಪ ಸರ್‌ಗೆ ಬೈಂಗನ್ನಿಂದ ಪ್ರಾಣಾಪಾಯವಿದೆ. ಅವರಿಗಾಗಿ ಬೇರೆ ಚಾಕು, ಬೇರೆ ಹಲಗೆ, ಬೇರೆ ಒಲೆ. ಅವರಿಗೆ ಮಾತ್ರ ಕುಂಬಳಕಾಯಿ."

ಆ ಹುಡುಗಿ ನನ್ನ ಗುಟ್ಟನ್ನು ಶೆಫ್‌ಗೆ ಹೇಳಬಹುದು ಎಂದು ಗೊತ್ತಿತ್ತು. ಶೆಫ್ ಊರಿಗೆಲ್ಲ ಸಾರಬಹುದು ಎಂದು ಹೊಳೆದಿರಲಿಲ್ಲ. ಮಹಾದೇವಿ ನಿಧಾನವಾಗಿ ನನ್ನ ಕಡೆ ತಿರುಗಿದಳು. ಬೈಗುಳಕ್ಕೆ ನಾನು ಮೈ ಗಟ್ಟಿ ಮಾಡಿಕೊಂಡೆ. ಬೈಗುಳ ಬರಲಿಲ್ಲ. ಅವಳ ಕಣ್ಣು ತುಂಬಿದವು.

"ಹಂಗಾದ್ರ ಇಷ್ಟ ವರ್ಷ ನಾ ನಿಮಗ ವಿಷಾ ಹಾಕೀನೇನ್ರೀ?"

"ಏ, ಹಂಗಲ್ಲ..."

"ಗೊತ್ತಿದ್ದೂ ಗೊತ್ತಿದ್ದೂ ತಿಂದ್ರಿ? ನನ್ನ ಮನಸ್ಸಿಗೆ ನೋವಾಗಬಾರದಂತ?"

ಇಲ್ಲ ಎನ್ನಬಹುದಿತ್ತು. ಆದರೆ ಡಾಕ್ಟರ್ ವಿನೋದಿನಿ ಆ ಮಾತನ್ನು ಹಿಂದಿಗೆ ತಂದು ಉಳಿದವರಿಗೆ ಹೇಳಿಯಾಗಿತ್ತು. ಐವರೂ ಒಟ್ಟಿಗೆ "ಓಹ್" ಎಂದು ನಿಟ್ಟುಸಿರಿಟ್ಟರು. ರೋಶನ್ ಎದೆಯ ಮೇಲೆ ಕೈ ಇಟ್ಟುಕೊಂಡ. ಪ್ರೀತಿಗಾಗಿ ವಾರಕ್ಕೆ ಮೂರು ಸಲ ವಿಷ ನುಂಗಿದ ಕಾಂದಿವಲಿಯ ನೀಲಕಂಠನಾಗಿ ನಾನು ಆ ಎತ್ತರದ ಕುರ್ಚಿಯಲ್ಲಿ ವಿರಾಜಮಾನನಾಗಿದ್ದೆ. ಇಂಥ ಪದವಿ ಬಂದಾಗ ಯಾರು ತಾನೇ ರಾಜೀನಾಮೆ ಕೊಡುತ್ತಾರೆ? ತಲೆ ತಗ್ಗಿಸಿ, "ಇರಲಿ ಬಿಡು," ಎಂದೆ.

ಮಹಾದೇವಿಗೆ ಡಾಕ್ಟರರನ್ನು ಕೇಳುವುದು ಬಹಳವಿತ್ತು. ಅವಳಿಗೆ ಜಾಗ ಕೊಡಲೆಂದು ನಾನು ಅವಳ ಕುರ್ಚಿಗೆ ಸರಿದು, ಅವಳನ್ನು ನನ್ನದರ ಮೇಲೆ ಕೂರಿಸಿದೆ.

"ಊಟ ಆದ ಕೂಡ್ಲೆ ನಿದ್ದಿ ಹೊಡೀತಾರ್ರಿ. ಅದೂ ಬದ್ನಿಕಾಯಿಯಿಂದನ ಏನ್ರಿ?"

"ತುರಿಕೆ ಬರ್ತದಾ? ಉಸಿರು ಕಟ್ತದಾ?"

"ಗೊರಕಿ ಹೊಡೀತಾರ. ಕರೆದ್ರ ಕಿವಿ ಕೇಳಂಗಿಲ್ಲ. ಬಜಾರಕ್ಕ ಹೋಗಂದ್ರ ಮೊಣಕಾಲ ನೋಯ್ತದ."

"ಅದು ಎಲ್ಲ ಗಂಡಸರಿಗೂ ಉಂಟು, ಅಮ್ಮ," ಎಂದರು ಡಾಕ್ಟರ್.

ಈ ಸಮಾಲೋಚನೆ ನಡೆದಿರುವಾಗಲೇ ಹಿಂದಿನಿಂದ ಬಂದ ಕೈಗಳು ತಟ್ಟೆಗಳನ್ನಿಟ್ಟು, ಗಾಜಿನ ಮುಚ್ಚಳ ತೆಗೆದವು. ಘಮ್ಮೆಂದು ಹೊಗೆ. ಹೊಗೆಯೊಳಗೆ ಚಮಚ ಇಳಿಸಿ ಬಾಯಿಗಿಟ್ಟೆ. ಆಹಾ! ಬೆಣ್ಣೆಯಂತೆ ಕರಗಿತು. ಕೆಂಡದ ವಾಸನೆ, ಒಂದಿಷ್ಟು ಹುಳಿ, ಹಿಂದಿನಿಂದ ಬೆಳ್ಳುಳ್ಳಿ. ತಟ್ಟೆಯನ್ನು ಬೆರಳಿನಿಂದ ಒರೆಸಿ, ಆ ಬೆರಳನ್ನೂ ಬಿಡಲಿಲ್ಲ.

"ಕುಂಬಳಕಾಯಿ ಇಷ್ಟು ಚಂದ ಇರ್ತದ ಅಂತ ಗೊತ್ತ ಇರಲಿಲ್ಲ!" ಎಂದೆ.

ಮಹಾದೇವಿ ತನ್ನೆದುರಿನ ತಟ್ಟೆ ನೋಡಿದಳು. ಅಲ್ಲಿ ಹಳದಿ ತುಂಡೊಂದು ಕೂತಿತ್ತು.

"ಕುಂಬಳಕಾಯಿ ಇಲ್ಲಿ ಅದರೀ! ನೀವು ತಿಂದದ್ದೇನ್ರೀ?"

ರೋಶನ್ ಕೈಯಿಂದ ಸೌಟು ಬಿತ್ತು. ಐವರಲ್ಲಿ ಒಬ್ಬ ಆಂಬುಲೆನ್ಸಿಗೆ ಫೋನು ಹಚ್ಚಿದ. ಮಹಾದೇವಿ ಕುರ್ಚಿಯಿಂದ ಧುಮುಕಿ (ಏರುವಾಗ ಇಬ್ಬರು ಬೇಕಾಗಿದ್ದರು, ಇಳಿಯುವಾಗ ಯಾರೂ ಬೇಕಾಗಲಿಲ್ಲ) ನನ್ನ ಬೆನ್ನು ಗುದ್ದುತ್ತ, "ಉಗುಳ್ರಿ! ಸಿದ್ಧೇಶ್ವರಾ, ಇವರನ್ನ ಉಳಸಪ್ಪಾ!" ಎಂದು ಕೂಗಿದಳು. ಡಾಕ್ಟರ್ ವಿನೋದಿನಿ ನಾಡಿ ಹಿಡಿದರು, ಮೊಬೈಲ್ ಬೆಳಕಿನಲ್ಲಿ ಗಂಟಲು ನೋಡಿದರು, ಮೈಮೇಲೆ ಗಂಧೆ ಎದ್ದಿದೆಯೇ ಎಂದು ಅಂಗಿಯ ತೋಳು ಮಡಚಿಸಿದರು. ನಾನು ಮರ್ಯಾದೆಗೆಂದು ಕುತ್ತಿಗೆ ಸ್ವಲ್ಪ ಕೆರೆದುಕೊಂಡೆ.

ಅವರು ನನ್ನ ಕಣ್ಣಲ್ಲೇ ಕಣ್ಣಿಟ್ಟು ನೋಡಿ, ಕಿವಿಯ ಹತ್ತಿರ ಬಾಗಿದರು. "ನಿಜ ಹೇಳಿ ಮಾರಾಯ್ರೆ, ಆಂಬುಲೆನ್ಸ್ ಹೊರಟರೆ ಆಮೇಲೆ ಕಷ್ಟ. ಬದನೆ ನಿಮಗೆ ಆಗುದಿಲ್ವಾ, ಸೇರುದಿಲ್ವಾ?"

ಪಕ್ಕದಲ್ಲಿ ಮಹಾದೇವಿ ಕಣ್ಣು ಮುಚ್ಚಿ ಕೈ ಮುಗಿದು ಸಿದ್ಧೇಶ್ವರನನ್ನು ಜಪಿಸುತ್ತಿದ್ದಳು. ಅವಳ ಆ ಮುಖ ನೋಡಿದ ಮೇಲೆ ನನ್ನಿಂದ ಸುಳ್ಳು ಹೊರಡಲಿಲ್ಲ. "ಸೇರೂದಿಲ್ರಿ," ಎಂದು ಪಿಸುಗುಟ್ಟಿದೆ.

ಎಂಟೇ ಕುರ್ಚಿಯ ಹೋಟೆಲಿನಲ್ಲಿ ಪಿಸುಮಾತು ಎಂಬುದಿಲ್ಲ. ಮಹಾದೇವಿ ಕಣ್ಣು ತೆರೆದಳು.

"ಸೇರೂದಿಲ್ಲ?"

ನಾನು ಖಾಲಿ ತಟ್ಟೆಯನ್ನು ಮೆಲ್ಲಗೆ ಆಚೆ ಸರಿಸಿದೆ.

"ಸೇರಲಾರದವರು ಬೆರಳ ಹಚ್ಚಿ ನೆಕ್ಕಿದ್ರಲ್ಲ ಈಗ?" ಅವಳು ಖಾಲಿ ತಟ್ಟೆ ಎತ್ತಿ ಎಲ್ಲರಿಗೂ ತೋರಿಸಿದಳು. "ಅಂದ್ರ ಬದ್ನಿಕಾಯಿ ಸೇರ್ತದ. ನಾ ಮಾಡಿದ್ದು ಸೇರೂದಿಲ್ಲ."

ಆಂಬುಲೆನ್ಸ್ ಬೇಡವೆಂದು ಫೋನು ಮಾಡಿದ್ದಾಯಿತು. ಆದರೆ ಇನ್ನೂ ಆರು ಕೋರ್ಸು ಬಾಕಿಯಿದ್ದವು. ಆರಕ್ಕೆ ಆರೂ ಮಹಾದೇವಿ ನನ್ನ ಕಡೆ ಬೆನ್ನು ಹಾಕಿ ತಿಂದಳು. ರೋಶನ್‌ಗೆ ತನ್ನ ಕಾಂದಿವಲಿ ಹಿಂದಿಯಲ್ಲಿ ಎಣ್ಣೆಗಾಯಿಯ ಶೇಂಗಾಪುಡಿ, ಗುರೆಳ್ಳುಪುಡಿಯ ವಿವರ ಕೊಟ್ಟಳು. ಅವನಿಂದ ಬದನೆಕಾಯಿ ಸುಡುವ ಕ್ರಮ ಕೇಳಿಕೊಂಡಳು. ಏಳುವಾಗ ಅವನಿಗೂ ಡಾಕ್ಟರರಿಗೂ ಭಾನುವಾರದ ಊಟಕ್ಕೆ ಆಮಂತ್ರಣವಾಯಿತು. ನನಗೆ ಆಮಂತ್ರಣವಿದೆಯೋ ಇಲ್ಲವೋ ಎಂದು ಕೇಳುವ ಧೈರ್ಯವಾಗಲಿಲ್ಲ.

ಆಮೇಲೆ ಮನೆಯಲ್ಲಿ ನನಗೆ ಮುಂಜಾನೆ ಸಂಜೆ ಬೇಯಿಸಿದ ಕುಂಬಳಕಾಯಿ. ಉಪ್ಪೂ ಕೇಳಿ ಹಾಕಿಸಿಕೊಳ್ಳಬೇಕು. "ಅಮ್ಮಾನ ಮನಾವೋ ಅಪ್ಪಾ," ಎಂದು, ಅವಳ ಸಿಟ್ಟಿಳಿಸುವಂತೆ ರಾಧಿಕಾ ಬುದ್ಧಿ ಹೇಳಿ ತಾನು ಆಫೀಸಿಗೆ ಹೋಗಿಬಿಡುತ್ತಿದ್ದಳು.

ಭಾನುವಾರ ಅತಿಥಿಗಳು ಬಂದರು. ಅಡುಗೆಮನೆಯಿಂದ ಘಮ್ಮೆಂದು ಅದೇ ಹೊಗೆ, ಅದೇ ಬೆಳ್ಳುಳ್ಳಿ! ಮಹಾದೇವಿ ಗ್ಯಾಸಿನ ಮೇಲೆ ಬದನೆಕಾಯಿ ಸುಟ್ಟಿದ್ದಳು. ಕುಂಬಳಕಾಯಿಯ ಎದುರು ಕೂತಿದ್ದ ನನ್ನ ಬಾಯಲ್ಲಿ ನೀರೂರಿ ಮಾತು ತೊದಲಿತು. ಆ ವಾಸನೆಯ ಮುಂದೆ ನನ್ನ ಸ್ವಾಭಿಮಾನ ಒಂದು ನಿಮಿಷವೂ ನಿಲ್ಲಲಿಲ್ಲ.

"ಮಹಾದೇವಿ, ನನಗೂ ಒಂದೀಟು ಬದ್ನಿಕಾಯಿ ನೀಡ."

"ನಿಮಗ ಸೇರಂಗಿಲ್ಲಲ್ಲ?"

"ಸೇರ್ತದ."

"ನಾ ಮಾಡಿದ್ದು?"

"ನೀ ಮಾಡಿದ್ದ ಸೇರ್ತದ."

"ಎಲ್ಲಾರೂ ಕೇಳುವಂಗ ಹೇಳ್ರಿ."

ಎದ್ದು ನಿಂತೆ. ಸಂಘದ ಭಾಷಣಕಾರನ ದನಿಯಲ್ಲಿ, ನನ್ನ ಧರ್ಮಪತ್ನಿಯ ಕೈಯ ಬದನೆಕಾಯಿಗೆ ಈ ಮುಂಬಯಿಯಲ್ಲಿ ಸಾಟಿಯಿಲ್ಲವೆಂದೂ, ಬದುಕಿರುವವರೆಗೆ ಅದನ್ನೇ ತಿನ್ನುವೆನೆಂದೂ ಘೋಷಿಸಿದೆ. ರಾಧಿಕಾ ಚಪ್ಪಾಳೆ ತಟ್ಟಿದಳು. ಡಾಕ್ಟರ್ ವಿನೋದಿನಿ, "ಈಗ ಗುಣ ಆಯ್ತು ನೋಡಿ," ಎಂದರು. ಮಹಾದೇವಿಯ ಮುಖ ಅರಳಿತು. ಒಳಗೆ ಹೋಗಿ ಪಾತ್ರೆಯನ್ನೇ ತಂದು ನನ್ನ ತಾಟಿಗೆ ಸೌಟು ಬಗ್ಗಿಸಿದಳು.

ಬಿದ್ದದ್ದು ಎರಡು ಎಣ್ಣೆಗಾಯಿ. ತೊಟ್ಟು ಸಮೇತ.

"ಮತ್ತ... ಸುಟ್ಟದ್ದು?"

"ಅದಾ? ಶೆಫ್ ಸಾಹೇಬರು ಹ್ಯಾಂಗಾಗೇದ ನೋಡ್ತೀನಂತ ಅಡಗಿಮನ್ಯಾಗ ನಿಂತ ಮುಗಿಸಿದ್ರಲ್ಲ. ನೀವು ಇದನ್ನ ತಿನ್ರಿ."

ರೋಶನ್ ಅಪರಾಧಿಯಂತೆ ಬಾಯಿ ಒರೆಸಿಕೊಂಡ. ಎಲ್ಲರೂ ನನ್ನನ್ನೇ ನೋಡುತ್ತಿದ್ದರು. ಮೊಸರಿನ ಪಾತ್ರೆ ಡಾಕ್ಟರರ ಆಚೆ, ಕೈಗೆ ಎಟುಕದಷ್ಟು ದೂರದಲ್ಲಿತ್ತು. ನಾನು ಕಣ್ಣು ತೆರೆದೇ ಒಂದನ್ನು ಎತ್ತಿ ಬಾಯಿಗೆ ಹಾಕಿಕೊಂಡೆ.

"ಹ್ಯಾಂಗಾಗೇದ್ರಿ?" ಎಂದಳು ಮಹಾದೇವಿ.

ಬಾಯಿ ತುಂಬಿದ್ದರಿಂದ ತಲೆ ಮಾತ್ರ ಅಲ್ಲಾಡಿಸಿದೆ. ಅವಳು ಸಂತೋಷದಿಂದ ಇನ್ನೆರಡು ನೀಡಿದಳು.