ಮಂಗಳವಾರ ಒಂದು ಗಂಟೆ ಸುಮ್ಮನಿರಬೇಕೆಂದು ನಕ್ಷತ್ರದವರಲ್ಲಿ ಬೇಕರಿಯವನ ಅಹವಾಲು

ಮಾನ್ಯ ಅತಿಶೀತಲ ಕುಬ್ಜ ನಕ್ಷತ್ರದವರೇ,

ತಮ್ಮ ಪಾದಗಳು ಎಲ್ಲಿವೆಯೋ ತಿಳಿಯದ ಕಾರಣ, ಕೈಗಂಟಿದ ಮೈದಾಹಿಟ್ಟನ್ನು ಒರೆಸಿಕೊಂಡು, ಅಂದಾಜಿನ ದಿಕ್ಕಿಗೆ ತಿರುಗಿ, ಬೀದಿ ಮೂಲೆಯ ಬೇಕರಿಯವನಾದ ನಾನು ಮಾಡುವ ನಮಸ್ಕಾರಗಳು. ಇಬ್ಬರೂ ಶಾಖವನ್ನೇ ನಂಬಿ ಬದುಕುವವರಾದ್ದರಿಂದ ನನ್ನ ಸಲುಗೆಯನ್ನು ಮನ್ನಿಸಬೇಕು.

ಮೊದಲಿಗೆ ತಮ್ಮ ಬಿರುದಿನ ವಿಚಾರ. ನನ್ನ ಭಟ್ಟಿ ಇನ್ನೂರೈವತ್ತು ಡಿಗ್ರಿ ಮುಟ್ಟಿದರೆ ಹುಬ್ಬು ಸೀದುಹೋಗುತ್ತದೆ. ತಾವು ಎರಡು ಸಾವಿರ ದಾಟಿ ಕುದಿಯುತ್ತಿದ್ದರೂ ತಿಳಿದವರು ತಮ್ಮನ್ನು ಅತಿ ತಣ್ಣಗಿನವರೆನ್ನುತ್ತಾರೆ. ನನ್ನ ಸಿಟ್ಟಿಗೂ ಇಂಥದೊಂದು ಬಿರುದು ಕೊಡಿಸಿದರೆ ಮನೆಯವರಿಗೆ ತೋರಿಸಿಕೊಂಡೇನು. ಗಾತ್ರದಲ್ಲಿ ತಾವು ಗುರುಗ್ರಹಕ್ಕಿಂತ ತುಸುವೇ ದಪ್ಪ, ಹೊರಗೆ ಕಳಿಸುವುದು ಬಹುಪಾಲು ಕಣ್ಣಿಗೆ ಕಾಣದ ಶಾಖ. ಹೀಗಾಗಿ ನೆರೆಯವರಾಗಿದ್ದೂ ಬರಿಗಣ್ಣಿಗೆ ಒಂದು ದಿನವೂ ಮುಖ ತೋರಿಸಿದವರಲ್ಲ. ಇರುವ ಇಂಧನವನ್ನು ಅದೆಷ್ಟು ಜಿಪುಣತನದಿಂದ ಉರಿಸುತ್ತೀರೆಂದರೆ, ನಮ್ಮ ಸೂರ್ಯ ಅಂಗಡಿ ಮುಚ್ಚಿದ ಮೇಲೂ ಲಕ್ಷಾಂತರ ಕೋಟಿ ವರ್ಷ ತಮ್ಮ ಬಾಗಿಲು ತೆರೆದೇ ಇರುತ್ತದಂತೆ! ಸೌದೆ ಉಳಿಸುವ ಈ ವಿದ್ಯೆಯನ್ನು ದಯಮಾಡಿ ನನಗೂ ಕಲಿಸಿ.

ಇದೆಲ್ಲ ನನಗೆ ಹೇಳಿದ್ದು ತಮ್ಮ ಬಗ್ಗೆಯೇ ಓದುತ್ತಿರುವ ನನ್ನ ಮಗಳು. ತಮ್ಮ ಸುತ್ತ ತಿರುಗುವ ಗ್ರಹವೊಂದು ಸದಾ ಒಂದೇ ಕೆನ್ನೆಯನ್ನು ತಮಗೆ ಒಡ್ಡಿಕೊಂಡಿರುತ್ತದೆಂದು ಅವಳು ವಿವರಿಸುತ್ತಿದ್ದಾಗ ಬಾಯಿಬಿಟ್ಟುಕೊಂಡು ಕೇಳುತ್ತ, ಭಟ್ಟಿಯೊಳಗಿನ ತಟ್ಟೆ ತಿರುಗಿಸುವುದನ್ನೇ ಮರೆತೆ. ಬನ್ನುಗಳು ಬೆಂಕಿಯ ಕಡೆ ಇದ್ದಿಲು, ಇನ್ನೊಂದು ಕಡೆ ಹಸಿ ಹಿಟ್ಟು. "ಅಪ್ಪಾ, ಇದೇ ನೋಡು ನನ್ನ ಗ್ರಹ!" ಎಂದು ಒಂದನ್ನು ಎತ್ತಿ ಹಿಡಿದು ಅವಳು ಕುಣಿದಳು. ಗಿರಾಕಿಗಳು ಕುಣಿಯಲಿಲ್ಲ.

ಆ ಗ್ರಹ ತಮ್ಮ ಮುಂದೆ ಹಾದುಹೋಗುವಾಗ ತಮ್ಮ ಬೆಳಕು ಎಷ್ಟು ಕುಂದುತ್ತದೆಂದು ಅಳೆಯುವುದೇ ಅವಳ ಕೆಲಸ. ದೊಡ್ಡ ದೂರದರ್ಶಕದ ಸರದಿಗಾಗಿ ವರ್ಷಗಟ್ಟಲೆ ಕಾದಳು. ಕಳೆದ ಸಲ ಸರಿಯಾಗಿ ಅದೇ ಹೊತ್ತಿಗೆ ತಾವು ಭಗ್ಗೆಂದು ಜ್ವಾಲೆ ಕಾರಿ ಅಳತೆಯನ್ನೆಲ್ಲ ಕೆಡಿಸಿದಿರಿ. ಹಿಟ್ಟಿನ ಮೂಟೆಗೆ ಒರಗಿ ಅವಳು ಅತ್ತಳು. ಬರುವ ಮಂಗಳವಾರ ಕೊನೆಯ ಸರದಿ, ಅದೂ ತಪ್ಪಿದರೆ ಅವಳ ಓದು ಅಲ್ಲಿಗೇ ನಿಲ್ಲುತ್ತದೆ. ಆದ್ದರಿಂದ ಅಂದು ಒಂದೇ ಒಂದು ಗಂಟೆ ಕೆಮ್ಮದೆ, ಸೀನದೆ, ಮುಖದ ಕಪ್ಪು ಕಲೆಗಳನ್ನು ಹಿಂಬದಿಗೆ ಸರಿಸಿಕೊಂಡು, ಫೋಟೋಗೆ ನಿಂತ ಮದುಮಗನಂತೆ ಉಸಿರು ಬಿಗಿಹಿಡಿದು ನಿಲ್ಲಬೇಕಾಗಿ ಪ್ರಾರ್ಥನೆ. ಭಗ್ಗೆನ್ನಲೇಬೇಕಿದ್ದರೆ ಬುಧವಾರ ಇಡೀ ದಿನ ತಮ್ಮದೇ.

ತಮ್ಮ ವಿಶ್ವಾಸಿ,
ಒಬ್ಬಳೇ ಮಗಳ ತಂದೆ

ಮರೆತ ಮಾತು: ಇದನ್ನೋದಿ ಮಗಳು ಬಿದ್ದುಬಿದ್ದು ನಕ್ಕಳು. "ಅಪ್ಪಾ, ಮಂಗಳವಾರ ಬರೋ ಬೆಳಕು ಅಲ್ಲಿಂದ ಹೊರಟು ನಲವತ್ತು ವರ್ಷ ಆಯ್ತು. ಅದು ಸೀನೋದಿದ್ರೆ ಆಗ್ಲೇ ಸೀನಿ ಆಗಿದೆ!" ಅಂದರೆ, ನಾನು ಇವಳಮ್ಮನ ಮುಖವನ್ನೇ ನೋಡಿರದ ಕಾಲದಲ್ಲಿ ತಾವು ನನ್ನ ಮಗಳ ಹಣೆಬರಹ ಬರೆದು ಅಂಚೆಗೆ ಹಾಕಿದ್ದೀರಿ. ಒಳ್ಳೆಯದನ್ನು ಬರೆದಿದ್ದರೆ ಉದ್ದಂಡ ನಮಸ್ಕಾರ. ಇಲ್ಲವಾದರೆ ಅವಳಿಗೇನು, ಇನ್ನೊಂದು ಕೆಲಸ ಸಿಕ್ಕೀತು. ಆದರೆ ಇಷ್ಟು ಪ್ರೀತಿಯಿಂದ ತಮ್ಮನ್ನು ನೋಡುವ ಇನ್ನೊಬ್ಬಳು, ತಾವು ಎಷ್ಟು ಕೋಟಿ ವರ್ಷ ಉರಿದರೂ ಸಿಗುವುದಿಲ್ಲ.