ಅಶೋಕನಿಗೆ ನಮ್ಮಣ್ಣನ ಉತ್ತರ

ಎರಡು ಸಾವಿರ ವರ್ಷ ಮಸ್ಕಿಯಲ್ಲಿ ಯಾರಿಗೂ ಹೊಳೆಯದ ಸಂಗತಿ ನಮ್ಮಣ್ಣನ ದೊಡ್ಡ ತಲೆಗೆ ಹೊಳೆಯಿತು. ಅಶೋಕ ಬಂಡೆಯ ಮೇಲೆ ನಮ್ಮೂರಿಗೆ ಕಾಗದ ಬರೆದಿದ್ದಾನೆ, ನಾವಿನ್ನೂ ಉತ್ತರ ಕಳಿಸಿಲ್ಲ! ಇದೆಂಥ ಮರ್ಯಾದೆ?

"ಗಯಾದಾಗ ಬುದ್ಧನ ಹಳೇ ಗುಡಿ ಐತಂತ. ಅಶೋಕನೂ ಅಲ್ಲಿಗೆ ಹೋಗಿದ್ನಂತ. ಅಲ್ಲೇ ಉತ್ತರ ಇಟ್ಟು ಬರ್ತೀನಿ."

"ಅಣ್ಣಾ, ಅಶೋಕ ಸತ್ತು ಹೋಗ್ಯಾನಲ್ಲಪಾ!"

"ಸತ್ರ ಏನಾತಬೇ? ಕಾಗದ ಇನ್ನೂ ಐತಲ್ಲ!"

ತಯಾರಿ ಶುರುವಾಯಿತು. ಹಿಂದಿ ರೂಢಿಯಾಗಲೆಂದು ಎಮ್ಮೆಗೆ "ಬೈಠೋ, ಬೈಠೋ" ಎಂದ. ಎಮ್ಮೆ ಕೂರಲಿಲ್ಲ, ಇವನೇ ಸುಸ್ತಾಗಿ ಕೂತ. ರೈಲಿನ ಮೇಲಿನ ಬರ್ತ್ ರೂಢಿಯಾಗಲೆಂದು ಜೋಳದ ಚೀಲಗಳ ಮೇಲೆ ಮಲಗಿ, ನಡುಮಧ್ಯಾಹ್ನ ದೊಪ್ಪನೆ ಬಿದ್ದ. ಬಿದ್ದಲ್ಲಿಂದಲೇ ಕೇಳಿದ್ದೇನು ಗೊತ್ತೆ? "ಯಾವ ಸ್ಟೇಷನ್ ಬಂತು?" ದಾರಿಗೆಂದು ನಾನು ಬಡಿದ ಕಟಕ ರೊಟ್ಟಿಯನ್ನು ರುಚಿ ನೋಡುತ್ತ ನೋಡುತ್ತ ಹೊರಡುವ ಮೊದಲೇ ಅರ್ಧ ಮುಗಿಸಿದ!

ಅವನು ಶಾಲೆಯ ಮೆಟ್ಟಿಲು ಹತ್ತಿದವನಲ್ಲ. ನಾನು ಐದನೇ ಕ್ಲಾಸು ಓದಿದವಳು. ಹಾಗಾಗಿ ಬರೆಯುವ ಕೆಲಸ ನನ್ನ ಪಾಲಿಗೆ ಬಂತು.

"ಬರಿಬೇ. ಅಶೋಕ ರಾಜರಿಗೆ ಶರಣು. ನಿಮ್ಮ ಕಾಗದ ಮುಟ್ಟೇತಿ. ತಡಾ ಆತು, ಸಿಟ್ಟಾಗಬ್ಯಾಡ್ರಿ. ನಾವು ಆರಾಮ ಅದೀವಿ."

ನನ್ನ ಕೈ ಸುಮ್ಮನಿರಬೇಕಲ್ಲ! ನಾನು ಬರೆದದ್ದು ಬೇರೆ: "ಇವನಿಗೆ ತಲೆ ಸರಿಯಿಲ್ಲ. ಎಲ್ಲಿ ಸಿಕ್ಕರೂ ಹಿಡಿದು ರಾಯಚೂರಿಗೆ ಕಳಿಸಿ, ಲಿಂಗಸುಗೂರು ಬಸ್ಸು ಹತ್ತಿಸಿ, ಮಸ್ಕಿಯಲ್ಲಿ ಇಳಿಸಿರಿ."

ಅವನು ಅದನ್ನು ಕಣ್ಣಿಗೊತ್ತಿಕೊಂಡು, ಮಡಚಿ, ಅಂಗಿಯ ಒಳಜೇಬಿನಲ್ಲಿಟ್ಟ. ಆಗ ಬಂದ ನಗು ಸಂಜೆಯ ಹೊತ್ತಿಗೆ ಇಳಿದುಹೋಯಿತು. ಇವನು ಸುಮ್ಮನಿರುವ ಆಸಾಮಿಯೇ? ರೈಲಿನಲ್ಲಿ ಯಾರೋ ಕನ್ನಡದವರ ಮುಂದೆ ಹೆಮ್ಮೆಯಿಂದ ಬಿಚ್ಚಿ ಓದಿಸುತ್ತಾನೆ. ಡಬ್ಬಿಯೆಲ್ಲ ನಗುತ್ತದೆ. ಯಾಕೆ ನಗುತ್ತಾರೆಂದು ತಿಳಿಯದೆ ಇವನೂ ನಗುತ್ತಾನೆ. ಓದು ಬಾರದ ಅಣ್ಣನಿಗೆ ನಾಲ್ಕಕ್ಷರ ಬಲ್ಲ ತಂಗಿ ಮಾಡುವ ಕೆಲಸವೇ ಇದು?

ಹೊರಡುವ ಹಿಂದಿನ ದಿನ ಅವನ ಮುಂದೆ ಹೋಗಿ ನಿಂತೆ.

"ಅಣ್ಣಾ, ಕಾಗದ ಕೊಡು. ತಪ್ಪು ಬರ್ದೀನಿ."

"ನಿನ್ನೆನ ಸಾಲಿ ಮಾಸ್ತರು ಓದಿ ಹೇಳ್ಯಾರ ಬಿಡು."

"ಏನಂದ್ರು?"

"ಬಿದ್ದು ಬಿದ್ದು ನಕ್ರು. ನಗಲಿ ತಗೋ. ಎಲ್ಲಿ ಸಿಕ್ರೂ ಹೊಳ್ಳಿ ಮನಿಗೆ ಕಳಸ್ರಿ ಅಂತ ನನ್ನ ಸಲುವಾಗಿ ಬರಿಯೋರು, ನೀ ಬಿಟ್ರ ಯಾರದಾರಬೇ?"

ಕಾಗದ ಇಸಿದುಕೊಂಡು ಮೊದಲ ಸಾಲನ್ನಷ್ಟೇ ಹೊಡೆದುಹಾಕಿದೆ. ಉಳಿದದ್ದನ್ನು ದಪ್ಪಗೆ ತಿದ್ದಿ, ಕೆಳಗೆ ನನ್ನ ಹೆಸರು ಬರೆದು, ಅವನ ಜೇಬಿನಲ್ಲೇ ಇಟ್ಟೆ.